ಕುರ್ಚಿ ಬಿಟ್ಟ ದಿನ

ಹಾರ ಹಿಡಿದು ನಿಂತವರನ್ನೆಲ್ಲ ಮೊಣಕೈಯಿಂದ ಸರಿಸುತ್ತ ಗೋಪಿಬಾಯಿ ಒಳಗೆ ನುಗ್ಗಿದಳು. ಮುಂಡಗೋಡದ ತಾಂಡಾದಿಂದ ಬಸ್ಸು ಬದಲಿಸಿ ಹಳಿಯಾಳ ಮುಟ್ಟುವಷ್ಟರಲ್ಲಿ ಹೊತ್ತಾಗಿತ್ತು. ಪಡಸಾಲೆಯ ಗೋಡೆಗೆ ಆನಿಸಿ ದ್ರಾಕ್ಷಾಯಣಿಯ ಹೆಣವನ್ನು ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ಗಣಿಯ ಆಫೀಸಿನಲ್ಲಿ ಕೂರುತ್ತಿದ್ದಂತೆಯೇ ಬೆನ್ನು ನೆಟ್ಟಗಿತ್ತು.

"ಜೋಯಿಡಾದ ಕಾಡಿನ್ಯಾಗ ಗಣಿಗೆ ಮ್ಯಾನೇಜರ್ ಆದ ಮೊದಲನೇ ಹೆಣ್ಮಗಳು ರೀ," ಎಂದು ಯಾರೋ ಹೇಳುತ್ತಿದ್ದರು. "ಗಂಡಸರು ಸೈತ ಹೆದರ್ತಿದ್ರು."

ಹೆಣದ ಮುಂದೆ ಹೊಗಳಿಕೆಗೇನು ಬರ! ಗೋಪಿಬಾಯಿಗೆ ಬೇಕಾಗಿದ್ದುದು ಒಂದೇ ಮಾತು: ತನ್ನ ಗಂಡ ಹೀರಪ್ಪ ಕುಡಿದು ಸತ್ತವನಲ್ಲ ಎಂಬುದು. ಸತ್ತವಳ ತಂಗಿ ನೀಲಕ್ಕನ ಪಕ್ಕ ಕೂತು ಪಿಸುಗುಟ್ಟಿದಳು.

"ನೀಲಕ್ಕಾರ, ಅಕ್ಕಾರು ಕಡೀಕ ಏನರೆ ಹೇಳಿದ್ರೇನ್ರಿ? ನಮ್ಮ ಬಗ್ಗೆ?"

"ಇಲ್ಲವಾ. ಕಡೀಕ ಆಕಿಗೆ ಮಾತ ಇರಲಿಲ್ಲ," ಎಂದು ನೀಲಕ್ಕ ಮುಖ ತಿರುಗಿಸಿದಳು.

* * *

ಹಾಗೆ ನೋಡಿದರೆ, ಬುಟ್ಟಿ ಹೊರುತ್ತಿದ್ದ ಗೋಪಿಬಾಯಿಯನ್ನು ಕಲ್ಲು ಕೊರೆಯುವ ಯಂತ್ರದ ಮುಂದೆ ನಿಲ್ಲಿಸಿದವಳೇ ದ್ರಾಕ್ಷಾಯಣಿ. "ಹೆಣ್ಮಕ್ಕಳ ಕೈಲೆ ಆಗೂದಿಲ್ಲಂತ ಯಾವಾಂವ ಅಂದಾಂವ?" ಎಂದು ಗುತ್ತಿಗೆದಾರನನ್ನು ಎಲ್ಲರೆದುರು ಜಾಡಿಸಿದ್ದಳು. ಮಧ್ಯಾಹ್ನ ಗೋಪಿಬಾಯಿಯ ಬುತ್ತಿಗೆ ಕೈಹಾಕಿ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಗಣಿಗೆ ದುಡಿಯಲು ಬಂದಿದ್ದ ತಾಂಡಾದ ಹೆಂಗಸರಿಗೆ ಆಕೆಯೆಂದರೆ ಜೀವ.

ಅವತ್ತು ಕಂಪನಿಯ ದೊಡ್ಡ ಸಾಹೇಬರು ಬರುವವರಿದ್ದರು. ಬಂಡೆಗೆ ತುಂಬಿದ್ದ ಮದ್ದಿನಲ್ಲಿ ಒಂದು ತೂತಿನದು ಸಿಡಿಯದೆ ಉಳಿದಿತ್ತು.

"ಸ್ವಲ್ಪ ತಡೀಬೇಕ್ರಿ ಅಕ್ಕಾರ," ಎಂದ, ಮದ್ದು ತುಂಬುವ ಹೀರಪ್ಪ. ಗೋಪಿಬಾಯಿ ಪಕ್ಕದಲ್ಲೇ ನಿಂತಿದ್ದಳು.

ದ್ರಾಕ್ಷಾಯಣಿ ರಸ್ತೆಯತ್ತ ನೋಡಿದಳು. "ಏನೂ ಆಗೂದಿಲ್ಲ, ನೋಡಿ ಬಾ ಹೋಗು. ಅವರು ಬರೂದ್ರಾಗ ಎಲ್ಲಾ ಮುಗೀಬೇಕು."

ಹೀರಪ್ಪ ಹೋದ. ಅವನು ಹತ್ತಿರ ಬಗ್ಗಿದಾಗ ಮದ್ದು ಸಿಡಿಯಿತು.

ವಿಚಾರಣೆಯಲ್ಲಿ ದ್ರಾಕ್ಷಾಯಣಿ ಹೇಳಿದ್ದೇ ಬೇರೆ. ಅಪ್ಪಣೆ ಇಲ್ಲದೆ ಹೋದ, ಕುಡಿದಿದ್ದ, ಎಂದಳು. ಮರುದಿನ ತಾಂಡಾಕ್ಕೆ ಬಂದು ಗೋಪಿಬಾಯಿಯ ಎರಡೂ ಕೈ ಹಿಡಿದು ಅತ್ತಳು.

"ಖರೆ ಹೇಳಿದ್ರ ನನ್ನ ತಗೀತಾರ. ನಾ ಹೋದ್ರ ನಿಮ್ಮನ್ನೆಲ್ಲಾ ಮತ್ತ ಬುಟ್ಟಿ ಹೊರಾಕ ಹಚ್ಚತಾರ. ಕುರ್ಚಿ ಬಿಟ್ಟ ದಿನ ಎಲ್ಲಾರ ಮುಂದ ಹೇಳ್ತೇನಿ, ಗೋಪೀ. ಅಲ್ಲೀತನಕ ಸುಮ್ಮನಿರು."

ಗೋಪಿಬಾಯಿ ನಂಬಿದಳು. ಮಗಳು ತುಳಜಾ ಕುಡುಕನ ಮಗಳೆಂದು ಅನ್ನಿಸಿಕೊಂಡೇ ಬೆಳೆದಳು. ದ್ರಾಕ್ಷಾಯಣಿ ಮೇಲುಮೇಲಿನ ಕುರ್ಚಿಗೆ ಏರಿದಳು, ಸನ್ಮಾನದ ಶಾಲು ಹೊದ್ದಳು, ನಿವೃತ್ತಳೂ ಆದಳು. ಕೇಳಲು ಹೋದಾಗಲೆಲ್ಲ "ಹೇಳ್ತೇನಿ, ಹೇಳ್ತೇನಿ" ಎಂದು ಚಹಾ ಕುಡಿಸಿ ಕಳಿಸುತ್ತಿದ್ದಳು. ಥೂ, ಆ ಚಹಾದ ಮನೆ ಹಾಳಾಗ!

* * *

ಹೊಲದ ಬದುವಿನ ಪಕ್ಕ ಕುಣಿ ತೋಡಿದ್ದರು. ಅದರ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ದ್ರಾಕ್ಷಾಯಣಿಯನ್ನು ಕೂರಿಸಿ, ಪತ್ರಿ ಏರಿಸಿ, ಅಯ್ಯನವರು ಮಂತ್ರ ಮುಗಿಸಿದರು. ಕಂಪನಿಯಿಂದ ಬಂದಿದ್ದ ಸಿದ್ದಲಿಂಗ ಕೈಮುಗಿದು ನಾಲ್ಕು ಮಾತಾಡಿದ.

"ಮೇಡಂ ಇದ್ದಷ್ಟ ದಿನ ಗಣಿಯೊಳಗ ಹೋಗಿದ್ದು ಒಂದ ಜೀವ. ಅದೂ ಕುಡದಾಂವನ ತಪ್ಪಿನಿಂದ."

"ಸುಳ್ಳು!" ಗೋಪಿಬಾಯಿ ಮುಂದೆ ಬಂದಳು. "ಹೋಗಂತ ಅಕ್ಕಾರ ಹೇಳಿದ್ರು. ನಾ ಬಾಜೂಕ ನಿಂತಿದ್ನಿ. ನನ್ನ ಗಂಡ ಹನಿ ಸೈತ ಮುಟ್ಟಿದ್ದಿಲ್ಲ!"

"ಮಣ್ಣ ಕೊಡೂ ಹೊತ್ತಿನ್ಯಾಗ ಇದೇನ ಹಚ್ಚೀಬೇ?" ಎಂದು ಸಿದ್ದಲಿಂಗ ಗದರಿದ. "ಸಾಕ್ಷಿ ಯಾರದಾರ?"

ನೀಲಕ್ಕ ಓಡಿಬಂದು ಗೋಪಿಬಾಯಿಯ ರಟ್ಟೆ ಹಿಡಿದಳು. ಕಿವಿಗೆ ಬಾಯಿಟ್ಟು ಹೇಳಿದಳು:

"ನಂಗ ಗೊತ್ತೈತಿ. ಗೋಪಿನ್ನ ಕರೀರಿ, ಊರವರನ್ನ ಕರೀರಿ, ಹೇಳೂದೈತಿ ಅಂತ ಅಕ್ಕ ಸಾಯೂತನಕ ಬಡಕೊಂಡ್ಲು. ಮನಿ ಮಾನ ಹೋಗ್ತೈತಂತ ನಾವ ಕರೀಲಿಲ್ಲ. ಹೊಟ್ಟ್ಯಾಗ ಹಾಕ್ಕೋ ಯವ್ವಾ."

"ಹಂಗಾರ ಇದನ್ನ ಜೋರಾಗಿ ಹೇಳ್ರಿ."

ನೀಲಕ್ಕ ಸಿದ್ದಲಿಂಗನನ್ನು ನೋಡಿದಳು, ನೆರೆದವರನ್ನು ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ಪಾಪ, ದುಃಖಕ್ಕ ಏನೇನರೆ ಮಾತಾಡಾಕತ್ತಾಳ," ಎಂದಳು.

ಸಲಿಕೆಗಳು ಎದ್ದವು. ಮಣ್ಣು ದ್ರಾಕ್ಷಾಯಣಿಯ ಮೊಣಕಾಲು ಮುಚ್ಚಿತು, ಎದೆ ಮುಚ್ಚಿತು. ಗೋಪಿಬಾಯಿ ಕುಣಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಆ ತುಟಿಗಳನ್ನೇ ನೋಡುತ್ತಿದ್ದಳು, ಮಣ್ಣು ಅಲ್ಲಿಗೆ ಮುಟ್ಟುವವರೆಗೂ.