ಮುಂಡಪ್ಪನ ಎಡಗಣ್ಣು

ಹೆಣದ ತಲೆಯ ಬಳಿ ಹಾಕಿದ್ದ ಬಾಳೆಲೆಯ ತುದಿಗೆ ಶೇಷಪ್ಪ ಬ್ರಾಂದಿಯ ಕ್ವಾರ್ಟರ್ ಬಾಟ್ಲಿ ಇಟ್ಟದ್ದೇ ತಡ, ಇಬ್ರಾಹಿಂ ಬಗ್ಗಿ ಅದನ್ನು ಎತ್ತಿಕೊಂಡ. ಚಾವಡಿಯಲ್ಲಿದ್ದವರೆಲ್ಲ ಬೆಚ್ಚಿದರು. ಸತ್ತವರಿಗೆ ಪ್ರಿಯವಾದದ್ದನ್ನು ಎಲೆಗಿಟ್ಟೇ ಹೆಣ ಎತ್ತುವುದು ಆ ಮನೆಯ ಪದ್ಧತಿ.

"ಇದೆಂಥದು ಮಾರಾಯ ನಿನ್ನದು?" ಕಕ್ಕಿಂಜೆಯಿಂದ ಬಂದಿದ್ದ ಶೇಷಪ್ಪ ರೇಗಿದ. "ನನ್ನ ತಮ್ಮನಿಗೆ ನಾನು ಇಟ್ಟದ್ದು. ಇದಕ್ಕೋಸ್ಕರವೇ ಅಲ್ವಾ ಅವನು ಬಸ್ಸನ್ನು ದಾರಿಯಲ್ಲಿ ಬಿಟ್ಟದ್ದು?"

"ಮುಂಡಪ್ಪಣ್ಣ ಒಂದು ದಿನವೂ ಕುಡಿದವರಲ್ಲ."

ಮುಂಡಪ್ಪನ ಮಗಳು ನವ್ಯಾ ತಲೆ ಎತ್ತಿದಳು. ಬಂಟ್ವಾಳ–ಮೂಡುಬಿದಿರೆ ಬಸ್ಸಿಗೆ ಅಪ್ಪ ಡ್ರೈವರ್, ಇಬ್ರಾಹಿಂ ಕಂಡಕ್ಟರ್. ಹದಿನೆಂಟು ವರ್ಷದ ಜೋಡಿ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಪ್ಪ ತುಂಬಿದ ಬಸ್ಸನ್ನು ಸಿದ್ಧಕಟ್ಟೆಯಲ್ಲಿ ನಿಲ್ಲಿಸಿ ಇಳಿದು ನಡೆದುಬಿಟ್ಟಿದ್ದ. ಕುಡಿದಿದ್ದೆ ಎಂದು ತಾನೇ ಒಪ್ಪಿಕೊಂಡಿದ್ದ. ಆಮೇಲೆ ಕಣ್ಣು ಮಂಜಾದಾಗ ಅದನ್ನೂ ಜನ ಕುಡಿತದ ತಲೆಗೇ ಕಟ್ಟಿದರು. ಊರ ಬಾಯಿಗೆ ಹೊಲಿಗೆ ಹಾಕುವವರುಂಟೇ! ತಾಯಿಯಿಲ್ಲದ, ಆಗ ಹಾಸ್ಟೆಲಿನಲ್ಲಿದ್ದ ನವ್ಯಾಳೂ ನಂಬಿದಳು. ಮದುವೆಯಾದ ಮೇಲೆ ಗಂಡನನ್ನು ಈ ಮನೆಗೆ ಒಮ್ಮೆಯೂ ಕರೆತರಲಿಲ್ಲ.

"ಮತ್ತೆ ಯಾಕೆ ಇಳಿದದ್ದು, ಕಾಕ?"

ಇಬ್ರಾಹಿಂ ಚೀಲದಿಂದ ಪ್ಲಾಸ್ಟಿಕ್ಕಿನೊಳಗೆ ಮಡಚಿಟ್ಟ ಹಾಳೆ ತೆಗೆದುಕೊಟ್ಟ. ಕಪ್ಪು ಚೌಕದ ಮೇಲೆ ಬಿಳಿ ಎಳೆಗಳ ಬಲೆ, ಅಲ್ಲಲ್ಲಿ ಹರಿದಿತ್ತು.

"ಇದೆಂಥ?"

"ನಿನ್ನ ಅಪ್ಪನ ಎಡಗಣ್ಣು. ಒಳಗಿನದ್ದು."

*

ಆರು ವರ್ಷದ ಹಿಂದೆ ಬಂಟ್ವಾಳದ ಕಣ್ಣಿನ ಕ್ಲಿನಿಕ್ಕಿಗೆ ಹೊಸ ಯಂತ್ರ ಬಂದಿತ್ತು. ಸೂಜಿ ಚುಚ್ಚುವುದಿಲ್ಲ, ಬಣ್ಣದ ಮದ್ದು ಏರಿಸುವುದಿಲ್ಲ. ಗಲ್ಲ ಊರಿ ಒಂದು ನೀಲಿ ಗುರುತನ್ನೇ ನೋಡುತ್ತಿದ್ದರೆ ಸಾಕು, ಕಣ್ಣಿನ ಹಿಂಪರದೆಯ ಕೂದಲಿಗಿಂತ ಸಣ್ಣ ರಕ್ತನಾಳಗಳೂ ಚಿತ್ರಕ್ಕೆ ಬರುತ್ತವೆ. ಆದರೆ ಮುಂಡಪ್ಪನ ಕಣ್ಣು ನಿಲ್ಲಬೇಕಲ್ಲ! ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನ ದೃಷ್ಟಿ ಗಳಿಗೆಗೊಮ್ಮೆ ಇಲ್ಲದ ಕನ್ನಡಿಯ ಕಡೆಗೆ ಓಡುತ್ತಿತ್ತು. ಮೂರು ಸಲ ಚಿತ್ರ ಕೆಟ್ಟಿತು.

"ಮುಂಡಪ್ಪಣ್ಣ, ಹಿಂದೆ ನಾನು ನೋಡ್ತೇನೆ," ಎಂದ ಜೊತೆಗೆ ಬಂದಿದ್ದ ಇಬ್ರಾಹಿಂ. "ನೀವು ಎದುರು ಮಾತ್ರ ನೋಡಿ."

ಕಣ್ಣು ನಿಂತಿತು.

ಪರದೆಯಲ್ಲಿ ಮೂಡಿದ ಚಿತ್ರಕ್ಕೆ ಮುಂಡಪ್ಪ ಮೂಗು ತಾಗಿಸುವುದೊಂದು ಬಾಕಿ. "ಈ ಕಪ್ಪು ಎಂಥದು?"

"ರಕ್ತ ಓಡುವಲ್ಲಿ ಮಾತ್ರ ಬಿಳಿ ಕಾಣ್ತದೆ," ಎಂದಳು ಯಂತ್ರ ನಡೆಸುವ ಗ್ರೀಷ್ಮಾ. "ಅಲ್ಲಿ ಓಟ ನಿಂತಿದೆ. ಸಕ್ಕರೆ ಕಾಯಿಲೆಯಿಂದ."

"ಆ ರೂಟಿಗೆ ಬಸ್ಸು ಇನ್ನು ಬಿಡುವುದಿಲ್ವಾ?"

"ಹೋದದ್ದು ಹೋಯ್ತು. ಉಳಿದದ್ದನ್ನು ಉಳಿಸಬಹುದು."

ಮುಂಡಪ್ಪ ತುಂಬಾ ಹೊತ್ತು ನೋಡಿದ. ಆಮೇಲೆ ಒಂದು ಪ್ರತಿ ಕೇಳಿ ಪಡೆದ.

*

"ಆಗ ಮೂರು ತಿಂಗಳಿಂದ ಎಡಬದಿ ನಾನೇ ನೋಡಿ ಹೇಳ್ತಿದ್ದೆ," ಇಬ್ರಾಹಿಂ ಈಗ ಎಲ್ಲರಿಗೂ ಕೇಳುವಂತೆ ಹೇಳಿದ. "ಕನ್ನಡಕದಲ್ಲಿ ಸರಿಯಾಗ್ತದೆ ಅಂತ ಇಬ್ಬರೂ ನಂಬಿದ್ದೆವು. ಚಿತ್ರ ತೆಗೆದ ಮರುದಿನ ಬುಟ್ಟಿ ಹೊತ್ತ ಒಬ್ಬರು ಅಜ್ಜಿ ಚಕ್ರದ ಹತ್ತಿರವೇ ಬಂದರು. ನಾನು ಕಿರುಚಿದೆ. ಬಸ್ಸು ನಿಂತಿತು. ಆದರೆ ಮುಂಡಪ್ಪಣ್ಣನಿಗೆ ಅಜ್ಜಿ ಕಾಣಲೇ ಇಲ್ಲ. ಕೀಯನ್ನೂ ಈ ಹಾಳೆಯನ್ನೂ ನನ್ನ ಕೈಯಲ್ಲಿಟ್ಟು ಇಳಿದರು. ಕಣ್ಣಿನ ವಿಷಯ ಹೇಳಿದರೆ ಎಷ್ಟು ದಿನದಿಂದ ಅಂತ ಕೇಳ್ತಾರೆ, ನನ್ನ ಕೆಲಸವೂ ಹೋಗ್ತದೆ. 'ಕುಡಿದಿದ್ದೆ ಅಂತ ಹೇಳ್ತೇನೆ. ನಿನಗೆ ನಾಲ್ಕು ಹೆಣ್ಣುಮಕ್ಕಳುಂಟು, ಬಾಯಿ ಮುಚ್ಚು' ಅಂದರು. ಮುಚ್ಚಿದೆ. ಆರು ವರ್ಷ."

ನವ್ಯಾ ಹಾಳೆಯ ಮೂಲೆಯ ತಾರೀಕು ಓದಿದಳು. ಈ ಆರು ವರ್ಷ ಅವಳು ಅಪ್ಪನ ಮುಖವನ್ನು ಸರಿಯಾಗಿ ನೋಡಿರಲಿಲ್ಲ.

ಶೇಷಪ್ಪ ಇಬ್ರಾಹಿಂನ ಕೈಯಿಂದ ಬಾಟ್ಲಿಯನ್ನು ತೆಗೆದು ಪಂಚೆಯ ಮಡಿಕೆಗೆ ಸೇರಿಸಿ ಮೆಲ್ಲಗೆ ಕೇಳಿದ: "ಹಾಗಾದರೆ ಎಲೆಗೆ ಎಂಥ ಇಡುವುದು? ಅವನಿಗೆ ಎಂಥ ಇಷ್ಟ?"

ಎಲ್ಲರೂ ನವ್ಯಾಳನ್ನು ನೋಡಿದರು. ಅವಳಿಗೂ ಗೊತ್ತಿರಲಿಲ್ಲ.

ಇಬ್ರಾಹಿಂ ಅಂಗಳ ಇಳಿದು ರಸ್ತೆ ಬದಿಯ ಹೋಟೆಲಿಗೆ ಹೋದ. ಕಾಗದದಲ್ಲಿ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಬಂದ.

"ದಿನಾ ಒಂದು ಪ್ಲೇಟ್. ಇಬ್ಬರಿಗೆ," ಎಂದ.

ಎಲೆಗೆ ಹಾಕುವಾಗ ಅಭ್ಯಾಸದಂತೆ ಅರ್ಧವನ್ನು ಕಾಗದದಲ್ಲೇ ಉಳಿಸಿಕೊಂಡ. ಆಮೇಲೆ ಅದನ್ನೇನು ಮಾಡುವುದೆಂದು ತಿಳಿಯದೆ ಕೈಯಲ್ಲಿ ಹಿಡಿದು ನಿಂತ.

ಹೆಣ ಮನೆಯಲ್ಲಿರುವಾಗ ಮನೆಯವರು ಏನನ್ನೂ ತಿನ್ನಬಾರದು. ನವ್ಯಾ ಎದ್ದು ಅವನ ಕೈಯಿಂದ ಒಂದು ಗೋಳಿಬಜೆ ತೆಗೆದುಕೊಂಡಳು. ಅಪ್ಪನ ಮಗ್ಗುಲಿಗೆ ಕುಳಿತು, ಎಲ್ಲರ ಎದುರೇ, ನಿಧಾನವಾಗಿ ಜಗಿಯತೊಡಗಿದಳು.