ಒಂಬತ್ತು ದಿನದ ತೂತು

"ಅಂಗಿ ಬಿಚ್ಚೋ ಬೋಳಿಮಗನೆ! ಜನಿವಾರ ಕಾಣ್ದಿದ್ರೆ ನಿನ್ನ ಯಾವನು ಭಟ್ಟ ಅಂತಾನೆ?"

ಗೋವಿಂದರಾಜು ತಾನೇ ಹಾಲಪ್ಪನ ಅಂಗಿಗೆ ಕೈ ಹಾಕಿ ಎಳೆದ. ಹಾಲಪ್ಪನ ಎರಡೂ ಕೈ ಪುಳಿಯೋಗರೆಯಲ್ಲಿದ್ದವು. ಡಚ್ಚರ ನಾಡಿನ ಕಾಪೆಲ್ಲೆಯಲ್ಲಿ ಅಂದು ಕನ್ನಡದವರ ಯುಗಾದಿ ಊಟ, ಅಡುಗೆ ಗೋವಿಂದರಾಜುವಿನ ಹೋಟೆಲಿನದು. ಹೊಳಲ್ಕೆರೆ ಕಡೆಯ ಕಾಲೋನಿಯಲ್ಲಿ ಹುಟ್ಟಿದ ಹಾಲಪ್ಪ ಇಲ್ಲಿ ಇಳಿದ ದಿನವೇ ಭಟ್ಟನಾಗಿದ್ದ. ಐದು ವರ್ಷ ಬಾಯಿ ಮುಚ್ಚಿಕೊಂಡಿರು, ಪರ್ಮಿಟ್ಟು ತಪ್ಪದೆ ಮುಂದುವರಿಸುತ್ತೇನೆ, ಆಮೇಲೆ ನೀನು ಈ ದೇಶದ ಪ್ರಜೆ, ಬೇಕಾದವರ ಅಡುಗೆಮನೆಗೆ ಹೋಗು ಎಂದಿದ್ದ ಧಣಿ ಗೋವಿಂದರಾಜು. ಆ ಆಸೆಗೇ ಅವನು ದಾರ ಹಾಕಿಕೊಂಡಿದ್ದು.

ಐದು ವರ್ಷ ತುಂಬಿತ್ತು. ಡಚ್ ಪರೀಕ್ಷೆಯನ್ನೂ ಪಾಸು ಮಾಡಿ ಹಿಂದಿನ ದಿನ ಪೌರತ್ವದ ಅರ್ಜಿ ಹಿಡಿದು ನಗರಸಭೆಗೆ ಹೋಗಿದ್ದ. ಗುಮಾಸ್ತೆ ಕಂಪ್ಯೂಟರನ್ನು ಅವನತ್ತ ತಿರುಗಿಸಿದಳು. ಮೂರು ವರ್ಷ ತುಂಬಿದಾಗಿನ ಪರ್ಮಿಟ್ಟಿನ ಅರ್ಜಿಯನ್ನು ಧಣಿ ತಡವಾಗಿ ಹಾಕಿದ್ದ, ನಡುವೆ ಒಂಬತ್ತು ದಿನ ಪರ್ಮಿಟ್ಟೇ ಇರಲಿಲ್ಲ. ಐದು ವರ್ಷ ಕಡಿಯದೆ ಇರಬೇಕು, ಇನ್ನು ಆ ಒಂಬತ್ತು ದಿನದ ಆಚೆಯಿಂದ ಎಣಿಕೆ ಎಂದಳು. ಆ ಒಂಬತ್ತು ದಿನವೂ ಹಾಲಪ್ಪ ಹಿಟ್ಟು ರುಬ್ಬಿದ್ದ. ಕೊರೋನಾ ಕಾಲದಲ್ಲಿ ಆಸ್ಪತ್ರೆಗೆ ಊಟ ಬೇಯಿಸುತ್ತಿದ್ದಾಗ 'ಅಗತ್ಯ ಕೆಲಸಗಾರ' ಎಂದು ಕೊಟ್ಟಿದ್ದ ಚೀಟಿಯನ್ನು ಮುಂದಿಟ್ಟ. ನಿಯಮದಲ್ಲಿ ಅದಕ್ಕೆ ಜಾಗವಿಲ್ಲ ಎಂದು ಅವಳು ಮರುಕದಿಂದಲೇ ಹೇಳಿದಳು. ಮರುಕ ತೆಗೆದುಕೊಂಡು ಏನು ಮಾಡುವುದು, ಸುಡುಗಾಡು.

"ಧಣೇರ, ಆ ಒಂಬತ್ತು ದಿನ ಯಾಕೆ ತಡ ಮಾಡಿದ್ರಿ?" ಪಾಯಸದ ಪಾತ್ರೆ ಎತ್ತುತ್ತ ಕೇಳಿದ.

ಗೋವಿಂದರಾಜು ನಕ್ಕ. "ಬೇಕಂತ್ಲೇ ಕಣೋ. ನಿಂಗೆ ಪಾಸ್‌ಪೋರ್ಟ್ ಬಂದ್ರೆ ನಾಳೆ ನನ್ನ ಕಿಚನ್ ಯಾರು ನೋಡ್ಕೋತಾರೆ? ಇನ್ನು ಮೂರೇ ವರ್ಷ ತಾನೆ. ಹೋಗು, ಬಡಿಸು."

ಹಾಲಪ್ಪ ಪಾತ್ರೆ ಹಿಡಿದು ಬರಿಮೈಯಲ್ಲಿ ಹೊರಗೆ ನಡೆದ.

ಕನ್ನಡ ಸಂಘದ ಹಿರಿಯಳು ಪದ್ಮಿನಿ ಮೊದಲ ಎಲೆಯಲ್ಲಿ ಕೂತಿದ್ದಳು. ಬಾಯಿತುಂಬ ತುತ್ತು ಇಟ್ಟುಕೊಂಡೇ ಅಂದಳು: "ಭಟ್ರೇ, ಎಷ್ಟಾದ್ರೂ ನಿಮ್ಮದು ಮಡಿ ಕೈ. ಆ ಟೇಸ್ಟ್ ಬೇರೆಯವರಿಗೆ ಬರಲ್ಲ."

ಹಾಲಪ್ಪ ಪಾತ್ರೆ ಕೆಳಗಿಟ್ಟ. ಜನಿವಾರವನ್ನು ತಲೆಯ ಮೇಲಿಂದ ತೆಗೆದು ಅವಳ ಎಲೆಯ ತುದಿಯಲ್ಲಿ, ಉಪ್ಪಿನ ಪಕ್ಕದಲ್ಲಿಟ್ಟ.

"ನಾನು ಭಟ್ಟ ಅಲ್ಲ ಕಣ್ರವ್ವ. ಹಾಲಪ್ಪ. ಊರಾಚೆ ಕಾಲೋನಿಯವ್ನು. ಐದು ವರ್ಷದಿಂದ ನೀವೆಲ್ಲ ಉಂಡಿದ್ದು ಈ ಕೈಯಾಗಿಂದೇಯ."

ಸಾಲಿಡೀ ಕೈಗಳು ನಿಂತವು.

"ನಾಳೇನೇ ನಿನ್ನ ಫ್ಲೈಟ್ ಹತ್ತಿಸ್ತೀನಿ, ಸೂಳೆಮಗನೆ!" ಅಡುಗೆಮನೆಯ ಬಾಗಿಲಿನಿಂದ ಗೋವಿಂದರಾಜು ಕಿರುಚಿದ.

ಹಾಲಪ್ಪ ತಿರುಗಿಯೂ ನೋಡಲಿಲ್ಲ. ಸೌಟು ತುಂಬ ಪಾಯಸ ತೆಗೆದು ಪದ್ಮಿನಿಯ ಎಲೆಯ ಮೇಲೆ ಹಿಡಿದ.

"ಬಡಿಸ್ಲೇನ್ರವ್ವ?"

ಬಾಯೊಳಗಿನ ತುತ್ತನ್ನು ಅವಳು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಹಾಲಪ್ಪ ಸೌಟು ಹಿಡಿದು ಕಾಯುತ್ತ ನಿಂತ.