ಮೂರನೆಯ ಜಾಡಿ

ಚಳಿ ಸರಿದು ಬಿಸಿಲು ಇನ್ನೂ ಬಲಿಯದ ಕಾಲ, ಬೆಳಗಿನ ಎಂಟರ ಹೊತ್ತು. ಕನ್ನಡಿಯ ಮುಂದೆ ಅವನು ಬಿಳಿ ಕೋಟಿನ ಗುಂಡಿ ಹಾಕಿದ, ತೆಗೆದ, ಮತ್ತೆ ಹಾಕಿದ. ಹೊಟ್ಟೆ ಒಪ್ಪಲಿಲ್ಲ.

"ಎಲ್ಲಿಗೆ ಹೋದ್ರು ಅಂತ ಪಕ್ಕದ ಮನೆಯವರು ಕೇಳಿದ್ರೆ ಏನು ಹೇಳ್ಲಿ?" ಅಂದಳು ಹೆಂಡತಿ.

"ಮಣ್ಣಿಗೆ ಅಂತ ಹೇಳು."

"ಥೂ, ಬಿಡ್ತು ಅನ್ನಿ. ಬೆಳಗ್ಗೆ ಬೆಳಗ್ಗೆ ಯಾರದೋ ಸಾವು ಬಾಯಲ್ಲಿ."

ಅವನೇನೂ ತಮಾಷೆ ಮಾಡಿರಲಿಲ್ಲ. ಮಣ್ಣಿನ ಪರೀಕ್ಷೆಗೇ ಹೊರಟಿದ್ದ. ಯಾರ ಮಣ್ಣು ಎಂದು ಯಾರಾದರೂ ಕೇಳಿದ್ದರೆ ನನ್ನದೇ ಎನ್ನಲೂ ಅಡ್ಡಿಯಿರಲಿಲ್ಲ.

ಮದ್ದುಗುಂಡಿನ ಕಾರ್ಖಾನೆಯಲ್ಲಿ ಸಿಡಿಮದ್ದಿನ ಗುಣ ಪರೀಕ್ಷಿಸುತ್ತಲೇ ಅವನ ತಲೆ ನರೆತಿತ್ತು. ನೂರಕ್ಕೆ ತೊಂಬತ್ತೊಂಬತ್ತು ಪಾಲು ಶುದ್ಧವಿರದ ಮದ್ದಿಗೆ ಅವನು ಶುದ್ಧ ಎಂಬ ಚೀಟಿ ಅಂಟಿಸುತ್ತಿರಲಿಲ್ಲ. ಅದಕ್ಕೇ ಅಲ್ಲಿ ಅವನ ಹೆಸರೇ ತೊಂಬತ್ತೊಂಬತ್ತು. ಆಮೇಲೆ ಎಲ್ಲೋ ದೂರದಲ್ಲಿ ಯಾರೋ ಇಬ್ಬರು ಕೈಕುಲುಕಿದರು, ಶಾಂತಿ ಬಂತು. ಬಂದದ್ದೇ ಅವನ ಕೆಲಸ ತಿಂದಿತು. ಲೋಕವೆಲ್ಲ ನೆಮ್ಮದಿಯಾಗಿರುವಾಗ ಒಬ್ಬನೇ ಅಳುವುದು ಹೇಗೆ? ಮದುವೆ ಮನೆಯಲ್ಲಿ ಹಲ್ಲುನೋವು ಬಂದವನ ಹಾಗೆ ನಗುನಗುತ್ತಲೇ ಗೇಟು ದಾಟಿದ.

ಕಾರ್ಖಾನೆ ಇಷ್ಟು ವರ್ಷ ಹೊಲಸು ಮಾಡಿದ ನೆಲವನ್ನು ತೊಳೆಯುವ ದಾರಿ ಹುಡುಕಲು ಒಂದು ಸಂಶೋಧನಾಲಯ ಹುಟ್ಟಿತು. ಕೆಲಸ ಕಳೆದುಕೊಂಡವರಿಗೇ ತರಬೇತಿ ಕೊಡುತ್ತೇವೆ ಎಂದರು. ಇದು ಕರುಣೆಯೋ, ಮಾಡಿದವರೇ ಬಳಿಯಲಿ ಎಂಬ ನ್ಯಾಯವೋ ಅವನಿಗೆ ತಿಳಿಯಲಿಲ್ಲ. ಚಳಿಗಾಲವಿಡೀ ಕಲಿತ. ಇವತ್ತು ಕೊನೆಯ ಪರೀಕ್ಷೆ, ಉಳಿಸಿಕೊಳ್ಳುವುದು ಒಬ್ಬನನ್ನೇ. ಹೆಂಡತಿ ಆಗಲೇ ಬೀಗರ ಮನೆಯಲ್ಲಿ "ನಮ್ಮವರು ಈಗ ವಿಜ್ಞಾನಿ" ಎಂದು ಹೇಳಿ ಬಂದಿದ್ದಳು. ಆ ಮಾತನ್ನು ನಿಜ ಮಾಡುವ ಪಾಡು ಮಾತ್ರ ಅವನದು.

ಪರೀಕ್ಷೆಯ ಕೋಣೆಯಲ್ಲಿ, ಪಕ್ಕದ ಮೇಜಿನಲ್ಲಿ, ಎಲ್ಲರೂ ಬತ್ತಿ ಎಂದೇ ಕರೆಯುವ ಹಳೆಯ ಜೊತೆಗಾರ. ಕಾರ್ಖಾನೆಯಲ್ಲಿ ಗುಂಡುಗಳಿಗೆ ಬತ್ತಿ ಕೂಡಿಸುತ್ತಿದ್ದವನು. "ಜೀವಮಾನವೆಲ್ಲ ಬತ್ತಿ ಇಟ್ಟೆ ಕಣೋ, ಯಾರೂ ಬೈಲಿಲ್ಲ. ಸಂಬಳ ಕೊಟ್ರು" ಎನ್ನುವುದು ಅವನ ಹಳಸಿದ ಜೋಕು. ಇವತ್ತೂ ಹೇಳಿದ. ಇವತ್ತೂ ಯಾರೂ ನಗಲಿಲ್ಲ.

ತರಬೇತಿ ಕೊಟ್ಟ, ಮಗಳ ವಯಸ್ಸಿನ ಮೇಡಂ ಒಬ್ಬೊಬ್ಬರ ಮುಂದೆ ಮೂರು ಜಾಡಿ ಮಣ್ಣು ಇಟ್ಟಳು. "ಒಂದೊಂದು ಚಮಚ ತಗೊಂಡು ಪರೀಕ್ಷೆ ಮಾಡಿ ಸಾರ್. ಆಮೇಲೆ ಜಾಡಿಗೆ ಚೀಟಿ ಅಂಟಿಸಿ. ಶುದ್ಧ ಅಂತ ಇದ್ದದ್ದು ಗಿಡಕ್ಕೆ ಹೋಗುತ್ತೆ, ಅಶುದ್ಧ ಅಂತ ಇದ್ದದ್ದು ಮುಚ್ಚಿದ ಪೀಪಾಯಿಗೆ."

ಮಣ್ಣನ್ನು ಅಸಿಟೋನಿನಲ್ಲಿ ಕುಲುಕಿದ, ಸೋಸಿದ, ತಿಳಿಗೆ ಕ್ಷಾರದ ಹನಿ ಬಿಟ್ಟ. ಮಣ್ಣಿನಲ್ಲಿ ಸಿಡಿಮದ್ದು ಇದ್ದರೆ ತಿಳಿ ಕೆಂಪಾಗಬೇಕು. ಮೊದಲನೆಯದು ಬಣ್ಣ ತಿರುಗಲಿಲ್ಲ. ಶುದ್ಧ. ಎರಡನೆಯದು ತುಸು ಗುಲಾಬಿ. ಅಶುದ್ಧ. ಮೂರನೆಯದಕ್ಕೆ ಹನಿ ಬಿದ್ದದ್ದೇ ತಡ, ನಳಿಗೆಯ ತುಂಬ ಕೆಂಪು ಏರಿತು. ಎಂಥ ಕೆಂಪು! ಒಂದು ಎಳೆ ಮಬ್ಬಿಲ್ಲ, ಒಂದು ಚೂರು ಬೆರಕೆಯಿಲ್ಲ. ಪರದೇಶದಲ್ಲಿ ತವರಿನವರು ಸಿಕ್ಕ ಹಾಗಾಯಿತು. ಕೆಲಸ ಹೋದಮೇಲೆ ಮೊದಲ ಸಲ ಎದೆ ಉಬ್ಬಿತು. ಕೈ ತಾನಾಗಿ ಚೀಟಿ ಬರೆದು ಅಂಟಿಸಿತು.

ಮೇಡಂ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಜಾಡಿಯ ಕಡೆ ನೋಡಲಿಲ್ಲ. "ಕೈ ಅಂದ್ರೆ ಕೈ ಸಾರ್ ನಿಮ್ದು. ನಾಳೆ ಹೇಳ್ಬೇಕಾದ್ದು, ಆದ್ರೂ ಮನೇಲಿ ಸಿಹಿ ಮಾಡಿಸ್ಕೊಳ್ಳಿ."

ಬತ್ತಿ ಜಾಡಿಗಳ ಮುಚ್ಚಳವನ್ನೇ ತೆಗೆದಿರಲಿಲ್ಲ. ಮೂರಕ್ಕೂ 'ಕೊಳಕು' ಎಂದು ಬರೆದಿದ್ದ.

"ತೆಗೆದೇ ನೋಡಿಲ್ವಲ್ಲ ನೀವು!"

"ನಮ್ಮ ಕಾರ್ಖಾನೆ ಮಣ್ಣು ಮೇಡಂ. ತೆಗೆದು ಬೇರೆ ನೋಡ್ಬೇಕಾ?"

ಒಂದು ಜಾಡಿಯ ಮಣ್ಣು ಮೇಡಂ ಮನೆಯ ಅಂಗಳದ್ದು. ಬತ್ತಿಯ ವಿಜ್ಞಾನ ಅಲ್ಲಿಗೆ ಮುಗಿಯಿತು. ಕೋಟು ಮಡಚಿಟ್ಟು ಹೊರಡುವಾಗ ಇವನ ಮೇಜಿನ ಬಳಿ ನಿಂತ.

"ಇದೇನೋ ತೊಂಬತ್ತೊಂಬತ್ತು, ಮೂರನೇದಕ್ಕೆ ಶುದ್ಧ ಅಂತ ಬರ್ದಿದೀಯ?"

"ಶುದ್ಧಾನೇ ತಾನೆ."

"ಹಾಗಾದ್ರೆ ಒಂದು ಚಮಚ ಬಾಯಿಗೆ ಹಾಕ್ಕೋ, ನೋಡೋಣ."

ಆಗ ಹೊಳೆಯಿತು. ಮದ್ದು ಶುದ್ಧವಾಗಿಯೇ ಇತ್ತು. ಅವನ ಕಣ್ಣಿಗೆ ಆ ಜಾಡಿಯಲ್ಲಿದ್ದ ಕಲ್ಮಶವೆಂದರೆ ಮಣ್ಣು.

"ಒಂದು 'ಅ' ಸೇರಿಸು, ಆಯ್ತು" ಎಂದು ಬೆನ್ನು ತಟ್ಟಿ ಬತ್ತಿ ಹೊರಟುಹೋದ.

ಈ ವಯಸ್ಸಿನಲ್ಲಿ ಮತ್ತೆ 'ಅ' ತಿದ್ದುವುದು. ತಿದ್ದೋಣವೆಂದರೆ ಚೀಟಿಯಲ್ಲಿ ಜಾಗವಿರಲಿಲ್ಲ. ಕಾರ್ಖಾನೆಯಲ್ಲಿ ಅಂಚಿಗೆ ಒತ್ತಿ ಬರೆಯುವುದು ನಿಯಮ, ಮುಂದೆ ಯಾರೂ ಏನೂ ತುರುಕದ ಹಾಗೆ. ಅವನ ಶಿಸ್ತು ಅವನಿಗೇ ಜಾಗ ಬಿಟ್ಟಿರಲಿಲ್ಲ. ಚೀಟಿಯ ಪಕ್ಕ ಜಾಡಿಯ ಗಾಜಿನ ಮೇಲೆ ಬರೆದ. ಬೆರಳಿಗೆ ಹತ್ತಿದ್ದ ಅಸಿಟೋನು ತಾಗಿ ಅಕ್ಷರ ಕರಗಿ ನೀಲಿ ನೀರಾಗಿ ಇಳಿಯಿತು. ಹೊಸ ಚೀಟಿ ಮೇಡಂ ಬಳಿ. ಕೇಳಿದರೆ ಯಾಕೆ ಎನ್ನುತ್ತಾಳೆ. ಊಟ ಮುಗಿಸಿ ಕೇಳಿದರಾಯಿತು ಅಂದುಕೊಂಡ. ಹೊಟ್ಟೆ ತುಂಬಿದರೆ ಧೈರ್ಯ ಬರುತ್ತದೆಂದು ಅವನಿಗೆ ಯಾರು ಹೇಳಿದ್ದರೋ.

ವಾಪಸು ಬಂದಾಗ ಮೂರನೆಯ ಜಾಡಿ ತೊಳೆದು ಬೋರಲು ಹಾಕಿತ್ತು.

ಹೊರಗೆ ಓಡಿದ. ಕಸ ಗುಡಿಸುವಾಕೆ ಕೆಲಸ ಮುಗಿಸಿ, ಕೈಯಲ್ಲಿ ಒಂದು ಪೊಟ್ಟಣ ಹಿಡಿದು ಬಸ್ಸಿಗೆ ನಿಂತಿದ್ದಳು.

"ಆ ಜಾಡಿ ಮಣ್ಣು..."

"ಇಲ್ಲೇ ಇದೆ ಸಾರ್. ಶುದ್ಧ ಅಂತ ಚೀಟಿ ಇದ್ದದ್ದು ಬೇಕಾದ್ರೆ ಒಯ್ಯಿ ಅಂದ್ರು ಮೇಡಂ. ಮೊಮ್ಮಗಳು ಡಬ್ಬೀಲಿ ಮೆಣಸಿನ ಗಿಡ ಹಾಕ್ಬೇಕು ಅಂತ ಒಂದೇ ಹಟ. ಮಣ್ಣು ಅಂದ್ರೆ ಸಾಕು, ಮೈಯೆಲ್ಲ ಬಳ್ಕೋತಾಳೆ."

"ಚೀಟಿ ಯಾರು ಬರ್ದಿದ್ದು ಅಂತ..."

"ಯಾರೋ ಓದಿದವರೇ ಬರ್ದಿರ್ತಾರೆ ಬಿಡಿ."

"ಕೈ ತೊಳ್ಕೋಮ್ಮ."

"ಯಾಕೆ ಸಾರ್? ಶುದ್ಧ ಅಲ್ವಾ?"

"ಅಲ್ಲ" ಎಂದ ಅವನು.

ಅವಳು ಮುಖ ನೋಡುತ್ತ ಕಾದಳು. ಅಷ್ಟರಲ್ಲಿ ಅವನಿಗೆ ಮೇಡಂ ಕಂಡಳು, ಬೀಗರು ಕಂಡರು, ಸಿಹಿಗೆ ಸಕ್ಕರೆ ಅಳೆಯುವ ಹೆಂಡತಿ ಕಂಡಳು.

"ಅಲ್ಲ... ಮಣ್ಣು ಅಲ್ವಾ, ಅದಕ್ಕೇ ಅಂದೆ."

ಆಡಿದ ಒಂದೇ ನಿಜವನ್ನು ಪೀಠಿಕೆ ಮಾಡಿಬಿಟ್ಟಿದ್ದ. ಅವಳು ನಕ್ಕಳು. "ನೀವೊಬ್ರು ಸಾರ್. ಮಣ್ಣು ಮುಟ್ಟಿದ್ರೆ ಏನಾಗುತ್ತೆ?"

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತು, ಪೊಟ್ಟಣವನ್ನು ಮಗುವಿನಂತೆ ಮಡಿಲಿಗೆ ಎಳೆದುಕೊಂಡಳು. ಹಿಂದಿನಿಂದ ಮೇಡಂ ಕೂಗಿದಳು: "ಸಾರ್, ಬನ್ನಿ, ಒಂದು ಸಹಿ ಹಾಕ್ಬೇಕು."

ಅವನು ಬಸ್ಸಿನತ್ತ ಕೈ ಎತ್ತಿದ. ನಿಲ್ಲಿ ಎನ್ನಲು ಎತ್ತಿದ್ದೆಂದು ಆಮೇಲೂ ತನಗೆ ತಾನೇ ಹೇಳಿಕೊಳ್ಳಬಹುದಾದಷ್ಟು ಎತ್ತರಕ್ಕೆ. ಕಂಡಕ್ಟರು ಅದನ್ನು ನೋಡಿ ಹೊರಡಿ ಎಂಬ ಸನ್ನೆಯೆಂದುಕೊಂಡು ಸೀಟಿ ಊದಿದ. ಕಿಟಕಿಯೊಳಗಿಂದ ಅವಳೂ ಕೈ ಬೀಸಿದಳು.

ಅವಳು ಹೋದಳು. ಅವನ ಕೈ ಇನ್ನೂ ಮೇಲೆಯೇ ಇತ್ತು.